ಅಸಂಗತ ಹಾಸ್ಯದ ಚಿತ್ರಕಥೆ: ಮೊದಲ ಸಾಲಿನಿಂದ ಕುಂಬಳಕಾಯಿ ಒಡೆಯುವವರೆಗೆ

ಅಸಂಗತ ಹಾಸ್ಯ ಅಂದರೆ ಏನು ಬೇಕಾದರೂ ಬರೆಯಬಹುದು ಅಂದುಕೊಂಡು ಶುರು ಮಾಡುವವರು ಬಹಳ ಜನ. ಮೊದಲ ಸೀನಿನಲ್ಲಿ ಮನುಷ್ಯ ಹಾರುತ್ತಾನೆ. ಎರಡನೆಯದರಲ್ಲಿ ಎಮ್ಮೆ ಇಂಗ್ಲಿಷ್ ಮಾತಾಡುತ್ತದೆ. ಮೂರನೆಯದರಲ್ಲಿ ಸೂರ್ಯ ರಜೆ ಹಾಕುತ್ತಾನೆ. ಐದನೇ ಪುಟಕ್ಕೆ ಬರುವಷ್ಟರಲ್ಲಿ ಓದುವವರಿಗೆ ಸಾಕಾಗಿರುತ್ತದೆ. ಏನು ಬೇಕಾದರೂ ಆಗುವ ಲೋಕದಲ್ಲಿ ಯಾವುದಕ್ಕೂ ಬೆಲೆ ಇರುವುದಿಲ್ಲ, ಅಲ್ವಾ? ಈ ಬಗೆಯ ಹಾಸ್ಯದಲ್ಲಿ ಕೆಡಬೇಕಾದದ್ದು ಒಂದೇ ಒಂದು ನಿಯಮ. ಉಳಿದದ್ದೆಲ್ಲ ನಮ್ಮೂರಿನ ಹಾಗೇ ಇರಬೇಕು. ಕೆಟ್ಟ ಆ ಒಂದು ನಿಯಮವನ್ನು ಎಲ್ಲರೂ ಶ್ರದ್ಧೆಯಿಂದ ಪಾಲಿಸಬೇಕು.

ಶಿಶುನಾಳ ಶರೀಫರ ಕೋಡಗನ ಕೋಳಿಯ ಹಾಡನ್ನೇ ತಗೊಳ್ಳಿ. ಕೋಳಿ, ಆಡು, ಗೋಡೆ, ಮದ್ದಳೆ ಎಲ್ಲ ಅದರಲ್ಲಿ ಬರುತ್ತವೆ. ಆದರೆ ನಡೆಯುವ ಕೆಲಸ ಒಂದೇ, ನುಂಗುವುದು. ಅದೂ ತಿರುಗುಮುರುಗಾಗಿ. ಶರೀಫರು ಆ ಒಂದು ಕ್ರಿಯೆ ಬಿಟ್ಟು ಅತ್ತಿತ್ತ ಹೋಗುವುದಿಲ್ಲ. ಹಾಡಿನ ಒಳಗೆ ತತ್ವ ಇದೆ, ಅದು ಬೇರೆ ಮಾತು. ಬರೆಯುವವರು ಕಲಿಯಬೇಕಾದದ್ದು ಆ ಹಿಡಿತ. ಮುಂದೆ ಕನ್ನಡ ರಂಗಭೂಮಿಯಲ್ಲಿ ಚಂದ್ರಕಾಂತ ಕುಸನೂರ, ಎನ್. ರತ್ನ ಮೊದಲಾದವರು ಅಸಂಗತ ನಾಟಕಗಳನ್ನು ಬರೆದರು. ಅಂದರೆ ಈ ದಾರಿ ನಮಗೆ ಹೊಸದಲ್ಲ. ಸಿನಿಮಾದಲ್ಲಿ ಮಾತ್ರ ಇನ್ನೂ ಜಾಸ್ತಿ ಜನ ನಡೆದಿಲ್ಲ.

ಇಲ್ಲಿ ನಾನು ಹೇಳುವುದು ಹದಿನೈದು ನಿಮಿಷದ ಕಿರುಚಿತ್ರದ ಬಗ್ಗೆ. ಈ ಬಗೆಯ ಹಾಸ್ಯಕ್ಕೆ ಬರೀ ಕಾಗದ ನೋಡಿ ಎರಡು ಗಂಟೆಯ ಸಿನಿಮಾಗೆ ದುಡ್ಡು ಹಾಕುವವರು ಸಿಗುವುದು ಕಷ್ಟ. ಹದಿನೈದು ನಿಮಿಷ ಮಾಡಿ ತೋರಿಸಿದರೆ ಮಾತು ಮುಂದಕ್ಕೆ ಹೋಗುತ್ತದೆ. ಉದಾಹರಣೆಗೆ ಒಂದು ಕಥೆ ಕಟ್ಟಿಕೊಂಡೇ ಹೋಗೋಣ. ಹೆಸರು 'ಎರಡನೇ ಪಂಕ್ತಿ'.

ಹಂತ 1: ನಿಯಮ ಹುಡುಕಿ

ನಿಯಮವನ್ನು ಆಕಾಶದಿಂದ ತರಬೇಡಿ. ನಿಮ್ಮ ಮನೆಯಲ್ಲಿ, ಬೀದಿಯಲ್ಲಿ, ಕಚೇರಿಯಲ್ಲಿ ಈಗಾಗಲೇ ಪಾಲಿಸುತ್ತಿರುವ ಪದ್ಧತಿಗಳ ಪಟ್ಟಿ ಮಾಡಿ. ಯಾರೂ ಪ್ರಶ್ನೆ ಮಾಡದೆ ಪಾಲಿಸುವಂಥವು. ಹೊರಟವರನ್ನು ಹಿಂದಿನಿಂದ ಕರೆಯಬಾರದು. ಬರಿಗೈಯಲ್ಲಿ ಯಾರ ಮನೆಗೂ ಹೋಗಬಾರದು. ಪಕ್ಕದ ಮನೆಯಿಂದ ಬಂದ ಪಾತ್ರೆಯನ್ನು ಖಾಲಿ ವಾಪಸ್ ಕೊಡಬಾರದು. ಪಂಕ್ತಿಯಲ್ಲಿ ಕೂತ ಮೇಲೆ ಎಲ್ಲರ ಊಟ ಮುಗಿಯುವವರೆಗೆ ಏಳಬಾರದು.

ಈಗ ಒಂದೊಂದನ್ನೂ ತೆಗೆದುಕೊಂಡು ಕೇಳಿ: ಇದನ್ನು ಅಕ್ಷರಶಃ, ಕೊನೆಯವರೆಗೆ, ಯಾವ ರಿಯಾಯಿತಿಯೂ ಇಲ್ಲದೆ ಪಾಲಿಸಿದರೆ ಏನಾಗುತ್ತದೆ? ಪಾತ್ರೆಯ ಪದ್ಧತಿಯನ್ನೇ ನೋಡಿ. ಎರಡು ಮನೆಗಳು ಒಂದೇ ಡಬ್ಬಿಯನ್ನು ಇಪ್ಪತ್ತು ವರ್ಷ ತುಂಬಿಸಿ ತುಂಬಿಸಿ ಕಳಿಸುತ್ತಲೇ ಇರಬೇಕಾಗುತ್ತದೆ. ಅದೂ ಒಂದು ಚಿತ್ರವೇ. ಪಂಕ್ತಿಯದ್ದು ಇನ್ನೂ ಚೆನ್ನಾಗಿದೆ. ಮದುವೆ ಛತ್ರ. ಎರಡನೇ ಪಂಕ್ತಿ. ಕೊನೆಯ ಎಲೆಯಲ್ಲಿ ಒಬ್ಬ ಅಜ್ಜ. ಅವರ ಊಟ ಮುಗಿಯುವುದಿಲ್ಲ. ಹಾಗಾಗಿ ಯಾರೂ ಏಳುವಂತಿಲ್ಲ. ಒಂದು ಗಂಟೆ, ಒಂದು ರಾತ್ರಿ, ಮೂರು ದಿನ.

ಈ ನಿಯಮದ ಲಾಭ ನೋಡಿ. ನೋಡುವವರಿಗೆ ವಿವರಿಸಬೇಕಾಗಿಲ್ಲ. ಒಂದೇ ಜಾಗದಲ್ಲಿ ನಡೆಯುತ್ತದೆ, ಹಾಗಾಗಿ ಖರ್ಚು ಕಡಿಮೆ. ಗ್ರಾಫಿಕ್ಸ್ ಬೇಡ. ಕೂತವರಲ್ಲಿ ಯಾರೂ ಕೆಟ್ಟವರಲ್ಲ, ಎಲ್ಲರೂ ಮರ್ಯಾದಸ್ಥರು. ಸಿಕ್ಕಿಹಾಕಿಕೊಂಡಿರುವುದು ತಮ್ಮ ಮರ್ಯಾದೆಯಿಂದಲೇ. ನನ್ನ ಮಟ್ಟಿಗೆ ಒಳ್ಳೆಯ ಅಸಂಗತ ಹಾಸ್ಯದ ಗುರುತು ಇದೇ.

ನಿಯಮವನ್ನು ಒಂದು ಕಾಗದದಲ್ಲಿ ಒಂದೇ ವಾಕ್ಯವಾಗಿ ಬರೆದು ಗೋಡೆಗೆ ಅಂಟಿಸಿ. ವಾಕ್ಯದಲ್ಲಿ 'ಮತ್ತು' ಬಂದರೆ ಅದು ಎರಡು ನಿಯಮ. ಒಂದನ್ನು ಮುಂದಿನ ಚಿತ್ರಕ್ಕೆ ಎತ್ತಿಡಿ.

ಹಂತ 2: ಪ್ರತಿಯೊಬ್ಬರಿಗೂ ಒಂದು ಮಾಮೂಲಿ ಆಸೆ ಕೊಡಿ

ನಿಯಮ ವಿಚಿತ್ರವಾಗಿದ್ದಷ್ಟೂ ಮನುಷ್ಯರು ಸಾಮಾನ್ಯರಾಗಿರಬೇಕು. ಶಾಂತಮ್ಮನಿಗೆ ಮೂರೂವರೆಯ ತಿಪಟೂರು ಬಸ್ಸು ಹಿಡಿಯಬೇಕು. ಛತ್ರದ ಮ್ಯಾನೇಜರಿಗೆ ಸಂಜೆ ಒಳಗೆ ಹಾಲ್ ಖಾಲಿ ಮಾಡಿಸಬೇಕು, ಮರುದಿನ ಬೇರೆ ಮದುವೆ ಇದೆ. ಬಡಿಸುವವರ ಮುಖ್ಯಸ್ಥನಿಗೆ ತನ್ನ ಪಂಕ್ತಿಯಿಂದ ಯಾರೂ ಅರೆಹೊಟ್ಟೆಯಲ್ಲಿ ಎದ್ದರೆಂಬ ಮಾತು ಬರಬಾರದು. ಹೆಣ್ಣಿನ ತಂದೆಗೆ ಎಲ್ಲರೂ ಖುಷಿಯಾಗಿ ಹೋಗಬೇಕು, ಆದರೆ ಹೋಗಿ ಅನ್ನಲು ಬಾಯಿ ಬರುವುದಿಲ್ಲ.

ಅಜ್ಜನಿಗೆ ಏನು ಬೇಕು? ಇಲ್ಲಿ ತುಂಬ ಜನ ಎಡವುತ್ತಾರೆ. ಅಜ್ಜನನ್ನು ದೇವರು ಮಾಡುತ್ತಾರೆ, ದೆವ್ವ ಮಾಡುತ್ತಾರೆ, ಇಲ್ಲ ಸಾವಿನ ಸಂಕೇತ ಮಾಡುತ್ತಾರೆ. ಬೇಡ. ಅಜ್ಜನಿಗೆ ಚೆನ್ನಾಗಿ ಅಗಿದು ತಿನ್ನಬೇಕು, ಅಷ್ಟೇ. ಡಾಕ್ಟರು ಹಾಗೆ ಹೇಳಿದ್ದಾರೆ. ಸಂಕೇತ ಹುಡುಕುವ ಕೆಲಸ ನೋಡುವವರದ್ದು. ಅದನ್ನು ಅವರ ಕೈಯಿಂದ ಕಿತ್ತುಕೊಳ್ಳಬೇಡಿ.

ಹಂತ 3: ಮೆಟ್ಟಿಲು ಬಿಡದೆ ಹತ್ತಿ

ಕಥೆ ಬೆಳೆಯುವುದು ನಿಯಮದ ಪರಿಣಾಮ ದೊಡ್ಡದಾಗುತ್ತಾ ಹೋದಾಗ. ನಾನು ನಾಲ್ಕು ಮೆಟ್ಟಿಲಾಗಿ ಯೋಚಿಸುತ್ತೇನೆ: ಮೈ, ಮನೆ, ಸರ್ಕಾರ, ಸಂಸಾರ.

ಮೊದಲು ಮೈ. ಕಾಲು ಜೋಮು ಹಿಡಿಯುತ್ತದೆ. ಆಕಳಿಕೆ ಬರುತ್ತದೆ. ಕೈಗೆ ಅಂಟಿದ ಸಾರು ಒಣಗುತ್ತದೆ. ಆಮೇಲೆ ಮನೆ. ಯಾರೋ ದಿಂಬು ತರುತ್ತಾರೆ. ಯಾರೋ ಎದುರಿನ ಗೋಡೆಗೆ ಕ್ಯಾಲೆಂಡರ್ ಹಾಕುತ್ತಾರೆ. ಎಲೆಯ ನಂಬರೇ ಮನೆ ನಂಬರ್ ಆಗುತ್ತದೆ. ಆಮೇಲೆ ಸರ್ಕಾರ. ಅಂಚೆ ಬರುತ್ತದೆ, ಮತದಾರರ ಪಟ್ಟಿಯವರು ಬರುತ್ತಾರೆ, ನೀರಿನ ಬಿಲ್ಲು ಬರುತ್ತದೆ. ಕೊನೆಗೆ ಸಂಸಾರ. ಹದಿನಾಲ್ಕನೇ ಎಲೆಯವರ ಮಗನಿಗೂ ಮೂವತ್ತೊಂದನೇ ಎಲೆಯವರ ಮಗಳಿಗೂ ಸಂಬಂಧ ಕೂಡುತ್ತದೆ. ಮದುವೆ ಊಟವನ್ನು ಯಾವ ಪಂಕ್ತಿಯಲ್ಲಿ ಹಾಕಬೇಕು ಎಂಬ ಚರ್ಚೆ ಶುರುವಾಗುತ್ತದೆ.

ಒಂದು ಮೆಟ್ಟಿಲು ಹಾರಿದರೂ ಪ್ರೇಕ್ಷಕ ಕೈಬಿಟ್ಟು ಹೋಗುತ್ತಾನೆ. ಎರಡನೇ ನಿಮಿಷಕ್ಕೇ ಅಂಚೆಯವನು ಬಂದರೆ ಅದು ಬರೀ ತಮಾಷೆ. ಜೋಮು ಹಿಡಿದ ಕಾಲು, ದಿಂಬು, ಕ್ಯಾಲೆಂಡರ್ ನೋಡಿದ ಮೇಲೆ ಬಂದರೆ, "ಹೌದಲ್ಲ, ಅಂಚೆ ಇನ್ನೆಲ್ಲಿಗೆ ಬರಬೇಕು?" ಅನ್ನಿಸುತ್ತದೆ. ಅಲ್ಲಿ ನಗು ಗಟ್ಟಿಯಾಗುತ್ತದೆ.

ಇನ್ನೊಂದು ಮಾತು. ಚಿತ್ರದ ಮೊದಲ ಎರಡು ನಿಮಿಷದಲ್ಲಿ ಪದ್ಧತಿಯನ್ನು ಸರಿಯಾದ ರೂಪದಲ್ಲಿ ತೋರಿಸಿ. ಮೊದಲ ಪಂಕ್ತಿ ಕೂರುತ್ತದೆ, ಉಣ್ಣುತ್ತದೆ. ಒಬ್ಬ ಹುಡುಗ ಅರ್ಧಕ್ಕೆ ಏಳಲು ಹೋಗಿ ಅಜ್ಜಿಯ ಕೈಲಿ ಬೈಸಿಕೊಳ್ಳುತ್ತಾನೆ. ಎಲ್ಲರೂ ಒಟ್ಟಿಗೆ ಏಳುತ್ತಾರೆ. ಪಂಕ್ತಿಯನ್ನೇ ಕಾಣದ ಊರಿನವರೂ ಇಷ್ಟು ನೋಡಿದರೆ ನಿಯಮ ಹಿಡಿದುಬಿಡುತ್ತಾರೆ. ಮುಂದೆ ಸಬ್‌ಟೈಟಲ್ ಹಾಕಿ ಹೊರಗೆ ಕಳಿಸುವಾಗ ಇದೇ ಕಾಪಾಡುತ್ತದೆ.

ಹಂತ 4: ಸೀನ್ ಬರೆಯಿರಿ, ನಗಿಸಲು ಹೋಗಬೇಡಿ

ಅಂಚೆಯವನ ಸೀನ್ ಬರೆದು ನೋಡೋಣ.

ಸೀನ್ 7. ಒಳಗೆ. ಛತ್ರದ ಊಟದ ಹಾಲ್. ಮಧ್ಯಾಹ್ನ.

ಎರಡನೇ ಪಂಕ್ತಿ. ಮೂರನೇ ದಿನ. ಕೂತವರು ಕೂತೇ ಇದ್ದಾರೆ. ಅಂಚೆಯವನು ಎಲೆಗಳನ್ನು ಎಣಿಸುತ್ತಾ ಬರುತ್ತಾನೆ.

ಅಂಚೆಯವ: ಹದಿನಾಲ್ಕನೇ ಎಲೆ ಯಾರ್ದು?

ಶಾಂತಮ್ಮ: ನಮ್ದೇ ಕಣಪ್ಪಾ.

ಅಂಚೆಯವ: ಸ್ಪೀಡ್ ಪೋಸ್ಟು. ಇಲ್ಲಿ ಸೈನ್ ಮಾಡಿ.

ಶಾಂತಮ್ಮ ಬಲಗೈ ನೋಡಿಕೊಳ್ಳುತ್ತಾಳೆ. ಕೈಯೆಲ್ಲ ಸಾರು.

ಶಾಂತಮ್ಮ: ಎಡಗೈಲಿ ಮಾಡ್ಲಾ?

ಅಂಚೆಯವ: ಎಡಗೈ ಸೈನಿಗೆ ಇಬ್ರು ಸಾಕ್ಷಿ ಬೇಕು.

ಹದಿಮೂರನೇ ಎಲೆಯವರೂ ಹದಿನೈದನೇ ಎಲೆಯವರೂ ಎಡಗೈ ಎತ್ತುತ್ತಾರೆ. ಬಡಿಸುವವನು ಪಾಯಸದ ಬಕೆಟ್ ಹಿಡಿದು ಬರುತ್ತಾನೆ.

ಬಡಿಸುವವ: ಪೋಸ್ಟಿನವ್ರೇ, ಊಟದ ಹೊತ್ತಲ್ಲಿ ನಿಂತಿದ್ರೆ ಚೆನ್ನಾಗಿರಲ್ಲ. ಕೂತ್ಕೊಳ್ಳಿ, ಎಲೆ ಹಾಕ್ತೀನಿ.

ಅಂಚೆಯವ: ಇಲ್ಲ ಇಲ್ಲ. ಇನ್ನೂ ನಾಲ್ಕು ಮನೆ ಇದೆ.

ಬಡಿಸುವವ: ಒಂದು ಸೌಟು ಪಾಯಸ.

ಅಂಚೆಯವನು ಪಂಕ್ತಿಯ ಕಡೆ ನೋಡುತ್ತಾನೆ. ಇಡೀ ಪಂಕ್ತಿ ಸದ್ದಿಲ್ಲದೆ ತಲೆ ಅಲ್ಲಾಡಿಸುತ್ತಿದೆ: ಬೇಡ, ಬೇಡ.

ಅಂಚೆಯವ: ...ಸ್ವಲ್ಪವೇ ಹಾಕಿ.

ಇದರಲ್ಲಿ ಜೋಕ್ ಅನ್ನುವಂಥದ್ದು ಒಂದೂ ಇಲ್ಲ. ಅಂಚೆಯವನು "ಅಯ್ಯೋ, ಮೂರು ದಿನದಿಂದ ಕೂತಿದ್ದೀರಾ!" ಅಂತ ಕೇಳುವುದಿಲ್ಲ. ಕೇಳಿದ ಕೂಡಲೇ ಚಿತ್ರ ಮುಗಿದುಹೋಗುತ್ತದೆ. ಲೋಕಕ್ಕೆ ಹೊರಗಿನವನೊಬ್ಬ ಬಂದು ಆಶ್ಚರ್ಯಪಟ್ಟರೆ ನಮ್ಮ ಬದಲು ಅವನೇ ನೋಡಿಬಿಟ್ಟ ಹಾಗಾಗುತ್ತದೆ. ಇಲ್ಲಿ ಅವನಿಗಿರುವ ತಕರಾರು ಸೈನಿನದ್ದು ಮಾತ್ರ. ಅದು ಮಾಮೂಲಿ ತಕರಾರು.

ಇನ್ನು ಉಪಚಾರದ ಮಾತು. ಬೇಡ ಅಂದರೂ ಹಾಕುವುದು, ಸ್ವಲ್ಪ ಅಂದರೆ ಸೌಟು ತುಂಬ ಹಾಕುವುದು, ಬೇಡ ಅನ್ನುವುದೇ ಬೇಕು ಅನ್ನುವ ರೀತಿ ಆಗುವುದು. ಕನ್ನಡದ ಮಾತುಕತೆಯಲ್ಲಿ ಅಸಂಗತಕ್ಕೆ ಬೇಕಾದ ಸಾಮಾನು ರಾಶಿ ಬಿದ್ದಿದೆ. ಕಚೇರಿಯ ಕನ್ನಡವೂ ಹಾಗೇ. ಮ್ಯಾನೇಜರು ಹಾಕುವ ನೋಟಿಸು "ಎರಡನೇ ಪಂಕ್ತಿಯ ಸಮಸ್ತ ನಿವಾಸಿಗಳಿಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ" ಎಂದೇ ಶುರುವಾಗಲಿ. ಆ ಭಾಷೆಯನ್ನು ಉತ್ಪ್ರೇಕ್ಷೆ ಮಾಡಬೇಡಿ. ಇದ್ದ ಹಾಗೇ ಇಟ್ಟರೆ ಸಾಕು.

ಕೊನೆ ಹೇಗೆ? ನಿಯಮ ಯಾಕೆ ಹೀಗಾಯಿತು ಎಂದು ವಿವರಿಸಬೇಡಿ. ಕನಸು ಅಂತ ಮುಗಿಸುವುದಂತೂ ಬೇಡವೇ ಬೇಡ. ಕೊನೆ ನಿಯಮದ ಒಳಗಿಂದಲೇ ಬರಬೇಕು. ಈ ಕಥೆಯಲ್ಲಿ ಅಜ್ಜ ಕೊನೆಗೂ ಮಜ್ಜಿಗೆ ಕುಡಿಯುತ್ತಾರೆ. ಎಲೆ ಮಡಚುತ್ತಾರೆ. ಇಡೀ ಹಾಲ್ ಉಸಿರು ಹಿಡಿಯುತ್ತದೆ. ಅಜ್ಜ ನೆಲಕ್ಕೆ ಕೈ ಊರಿ ಏಳಲು ಹೋಗಿ ಪಕ್ಕಕ್ಕೆ ನೋಡುತ್ತಾರೆ. ಅಂಚೆಯವನ ಎಲೆಗೆ ಈಗಷ್ಟೇ ಅನ್ನ ಬಿದ್ದಿದೆ. ಅಜ್ಜ ಮತ್ತೆ ಕೂರುತ್ತಾರೆ. ಏಳನೇ ಸೀನಿನ ಪಾಯಸ ಇಲ್ಲಿ ಕೆಲಸಕ್ಕೆ ಬಂತು.

ಹಂತ 5: ಕಾಗದದ ಮೇಲೆ ಸರಿಯಾಗಿ ಕೂರಿಸಿ

ಯೂನಿಕೋಡ್‌ನಲ್ಲೇ ಟೈಪ್ ಮಾಡಿ. ಹಳೆಯ ಫಾಂಟ್‌ಗಳಲ್ಲಿ ಮಾಡಿದ ಫೈಲು ಇನ್ನೊಬ್ಬರ ಫೋನಿನಲ್ಲಿ ತೆರೆದಾಗ ಅಕ್ಷರವೆಲ್ಲ ಚೆಲ್ಲಾಪಿಲ್ಲಿ. ನಟರು, ಕ್ಯಾಮೆರಾದವರು, ಪ್ರೊಡಕ್ಷನ್ ಮ್ಯಾನೇಜರ್ ಎಲ್ಲರೂ ಇವತ್ತು ಸ್ಕ್ರಿಪ್ಟನ್ನು ಫೋನಿನಲ್ಲೇ ಓದುತ್ತಾರೆ.

ಚಿತ್ರಕಥೆ ಬರೆಯುವ ಸಾಫ್ಟ್‌ವೇರ್‌ಗಳನ್ನು ಇಂಗ್ಲಿಷ್ ಅಕ್ಷರಕ್ಕೆಂದು ಮಾಡಿರುತ್ತಾರೆ. ಫೌಂಟನ್ ಎಂಬ ಸರಳ ಬರಹದ ಪದ್ಧತಿ ಉಚಿತ, ಕನ್ನಡಕ್ಕೂ ಒಗ್ಗುತ್ತದೆ. ಆದರೆ ಪಾತ್ರದ ಹೆಸರನ್ನು ಅದು ಗುರುತಿಸುವುದು ದೊಡ್ಡಕ್ಷರ ನೋಡಿ. ಕನ್ನಡದಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಇಲ್ಲವಲ್ಲ. ಹಾಗಾಗಿ ಪಾತ್ರದ ಹೆಸರಿನ ಮುಂದೆ @ ಚಿಹ್ನೆ, ಸೀನ್ ಹೆಡ್ಡಿಂಗಿನ ಮುಂದೆ ಒಂದು ಚುಕ್ಕಿ ಹಾಕಿ. ಆಗ ಅದಕ್ಕೆ ಅರ್ಥವಾಗುತ್ತದೆ. ಇದೆಲ್ಲ ತಲೆನೋವು ಅನ್ನಿಸಿದರೆ ಎಡಕ್ಕೆ ದೃಶ್ಯ, ಬಲಕ್ಕೆ ಮಾತು ಅಂತ ಎರಡು ಕಾಲಂ ಹಾಕಿಕೊಳ್ಳಿ. ಏನೂ ತಪ್ಪಿಲ್ಲ.

ಒಂದು ಪುಟಕ್ಕೆ ಒಂದು ನಿಮಿಷ ಎಂಬ ಲೆಕ್ಕ ಇಂಗ್ಲಿಷ್‌ನ ಕೊರಿಯರ್ ಫಾಂಟಿನದ್ದು. ಕನ್ನಡಕ್ಕೆ ಅದು ಹೊಂದುವುದಿಲ್ಲ. ಗಟ್ಟಿಯಾಗಿ ಓದಿ, ಮೌನಗಳನ್ನೂ ಸೇರಿಸಿ, ಫೋನಿನಲ್ಲಿ ಟೈಮ್ ಹಿಡಿಯಿರಿ. ಈ ಬಗೆಯ ಚಿತ್ರದಲ್ಲಿ ಮೌನಕ್ಕೆ ಮಾತಿನಷ್ಟೇ ಸಮಯ ಬೇಕು. ಏಳನೇ ಸೀನಿನಲ್ಲಿ ಅಂಚೆಯವನ ಕೊನೆಯ ಮಾತಿನ ಮುಂದಿರುವ ಮೂರು ಚುಕ್ಕಿಗೇ ಐದಾರು ಸೆಕೆಂಡು ಹೋಗುತ್ತದೆ.

ಆಮೇಲೆ ಐದಾರು ಜನರನ್ನು ಕೂರಿಸಿ ಓದಿಸಿ. ಅದರಲ್ಲಿ ಇಬ್ಬರಾದರೂ ರಂಗಭೂಮಿಯವರಿರಲಿ. ಹೆಗ್ಗೋಡಿನ ನೀನಾಸಂ, ಮೈಸೂರಿನ ರಂಗಾಯಣದಲ್ಲಿ ತಯಾರಾದವರು, ಊರೂರಿನ ಹವ್ಯಾಸಿ ತಂಡದವರು, ಯಾರಾದರೂ ಸರಿ. ಮುಖದಲ್ಲಿ ನಗು ತರದೆ ಮಾತು ಒಪ್ಪಿಸುವ ಅಭ್ಯಾಸ ಅವರಿಗಿರುತ್ತದೆ. ಓದುವಾಗ ಕೇಳುವವರು ಎಲ್ಲಿ ನಕ್ಕರು ಎಂಬುದಕ್ಕಿಂತ ಎಲ್ಲಿ ಫೋನ್ ನೋಡಿದರು ಎಂದು ಗುರುತು ಹಾಕಿಕೊಳ್ಳಿ. ಸಾಮಾನ್ಯವಾಗಿ ಅಲ್ಲೇ ಎರಡನೇ ನಿಯಮವೊಂದು ನುಸುಳಿರುತ್ತದೆ.

ಹಂತ 6: ಯಾರಿಗೂ ಹೇಳುವ ಮೊದಲು ಹಕ್ಕು ನೋಡಿಕೊಳ್ಳಿ

ಐಡಿಯಾಕ್ಕೆ ಕಾಪಿರೈಟ್ ಇಲ್ಲ. ಬರೆದ ರೂಪಕ್ಕೆ ಇದೆ. 1978ರಲ್ಲಿ ಆರ್.ಜಿ. ಆನಂದ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿ ಹೇಳಿದೆ. ಹಾಗಾಗಿ ಬರೀ ಒಂದು ಸಾಲಿನ ನಿಯಮ ಹೇಳಿಕೊಂಡು ಊರೆಲ್ಲ ತಿರುಗಬೇಡಿ. ಪೂರ್ತಿ ಸ್ಕ್ರಿಪ್ಟ್ ಬರೆದ ಮೇಲೇ ಹೇಳಿ.

ಬರೆದ ಕ್ಷಣದಿಂದ ಹಕ್ಕು ನಿಮ್ಮದೇ, ನೋಂದಣಿ ಕಡ್ಡಾಯವಲ್ಲ. ಆದರೂ ಸಾಕ್ಷಿಗೆ ಇರಲಿ. ದೆಹಲಿಯ ಕಾಪಿರೈಟ್ ಕಚೇರಿಯಲ್ಲಿ ಸಾಹಿತ್ಯ ಕೃತಿ ಎಂದು ಆನ್‌ಲೈನಲ್ಲೇ ನೋಂದಾಯಿಸಬಹುದು. ಮುಂಬೈನ ಸ್ಕ್ರೀನ್‌ರೈಟರ್ಸ್ ಅಸೋಸಿಯೇಷನ್‌ನ ಸದಸ್ಯರಾದರೆ ಅಲ್ಲಿ ಇನ್ನೂ ಬೇಗ ಆಗುತ್ತದೆ.

ಯಾರಾದರೂ ಅಡ್ವಾನ್ಸ್ ಕೊಡಲು ಬಂದರೆ ಕಾಗದ ಓದಿ. 1957ರ ಕಾಪಿರೈಟ್ ಕಾಯ್ದೆಯ 19ನೇ ಕಲಂ ನಿಮ್ಮ ಪರವಾಗಿದೆ. ಹಕ್ಕು ಬಿಟ್ಟುಕೊಡುವುದು ಲಿಖಿತವಾಗಿಯೇ ಇರಬೇಕು. ಎಷ್ಟು ವರ್ಷಕ್ಕೆ ಎಂದು ಬರೆದಿಲ್ಲದಿದ್ದರೆ 5 ವರ್ಷ ಎಂದು ಲೆಕ್ಕ. ಯಾವ ಪ್ರದೇಶಕ್ಕೆ ಎಂದು ಬರೆದಿಲ್ಲದಿದ್ದರೆ ಭಾರತಕ್ಕೆ ಮಾತ್ರ. ತಗೊಂಡವರು ಒಂದು ವರ್ಷದೊಳಗೆ ಆ ಹಕ್ಕನ್ನು ಬಳಸದಿದ್ದರೆ ಅದು ನಿಮಗೇ ವಾಪಸ್. ಆದರೆ ಒಪ್ಪಂದದಲ್ಲಿ ಬೇರೆ ಥರ ಬರೆದಿದ್ದರೆ ಅದೇ ನಡೆಯುತ್ತದೆ. "ಶಾಶ್ವತವಾಗಿ, ಇಡೀ ಜಗತ್ತಿಗೆ, ಎಲ್ಲ ಮಾಧ್ಯಮಗಳಿಗೆ" ಎಂಬ ಸಾಲು ಕಂಡರೆ ಪೆನ್ನು ಕೆಳಗಿಡಿ, ಮಾತಾಡಿ. ಟೈಟಲ್ ಕಾರ್ಡಿನಲ್ಲಿ ನಿಮ್ಮ ಹೆಸರು ಹೇಗೆ ಬರಬೇಕು ಎಂಬುದನ್ನೂ ಅಲ್ಲೇ ಬರೆಸಿಕೊಳ್ಳಿ. ಇದು ಜಗಳ ಅಲ್ಲ, ಕೆಲಸದ ಭಾಗ.

ಹಂತ 7: ಕಥೆ ಹೇಳುವುದು

ಕನ್ನಡ ಸಿನಿಮಾದವರ ನೆಲೆಯಾದ ಬೆಂಗಳೂರಿನ ಗಾಂಧಿನಗರದಲ್ಲಿ ಸ್ಕ್ರಿಪ್ಟ್ ಓದುವುದಕ್ಕಿಂತ ಕಥೆ ಕೇಳುವುದೇ ಜಾಸ್ತಿ. ಹಾಗಾಗಿ ಹೇಳುವುದನ್ನು ಅಭ್ಯಾಸ ಮಾಡಿ. ಎರಡು ನಿಮಿಷದ್ದು ಒಂದು, ಹತ್ತು ನಿಮಿಷದ್ದು ಒಂದು ತಯಾರಿರಲಿ.

'ಅಸಂಗತ' ಎಂಬ ಮಾತನ್ನು ಬಳಸಲೇಬೇಡಿ. ಕೇಳುವವರಿಗೆ ಅದು ಪ್ರಶಸ್ತಿ ಸಿನಿಮಾ ಎಂದು ಕೇಳಿಸುತ್ತದೆ. ಅದರ ಬದಲು ಪದ್ಧತಿಯಿಂದಲೇ ಶುರು ಮಾಡಿ: "ಸರ್, ಪಂಕ್ತೀಲಿ ಎಲ್ಲರ ಊಟ ಆಗೋವರೆಗೂ ಏಳಬಾರದು ಅಂತಾರಲ್ವಾ? ಒಂದು ಮದುವೇಲಿ ಒಬ್ಬ ಅಜ್ಜ ಊಟ ಮುಗಿಸಲೇ ಇಲ್ಲ." ಇಷ್ಟಕ್ಕೆ ಎದುರಿಗಿದ್ದವರು "ಆಮೇಲೆ?" ಅಂದರೆ ನೀವು ಗೆದ್ದಿರಿ. ಅನ್ನದಿದ್ದರೆ ನಿಯಮವನ್ನೇ ಮತ್ತೊಮ್ಮೆ ನೋಡಬೇಕು.

ಮೂರು ಪ್ರಶ್ನೆ ಬಂದೇ ಬರುತ್ತವೆ. ಹೀರೋ ಯಾರು? ಶಾಂತಮ್ಮ ಎನ್ನಿ. ಬಸ್ಸು ಹಿಡಿಯಬೇಕಾದವಳು ಅವಳು. ಪ್ರೇಕ್ಷಕರು ಅವಳ ಜೊತೆ ಕೂರುತ್ತಾರೆ. ಜನಕ್ಕೆ ಅರ್ಥ ಆಗುತ್ತಾ? ಮಂಡ್ಯ ಜಿಲ್ಲೆಯ ಹಳ್ಳಿಗಳಲ್ಲಿ, ನಟನೆಯ ಅನುಭವವೇ ಇಲ್ಲದ ಊರವರನ್ನಿಟ್ಟುಕೊಂಡು ಮಾಡಿದ 'ತಿಥಿ' 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಪಡೆಯಿತು, ಮರುವರ್ಷ ನಮ್ಮ ಥಿಯೇಟರುಗಳಲ್ಲೂ ಬಂತು. ಊರಿನ ಪದ್ಧತಿಯಿಂದ ಹುಟ್ಟಿದ ಹಾಸ್ಯ ಊರು ದಾಟುತ್ತದೆ ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಉತ್ತರ ನನಗೆ ಗೊತ್ತಿಲ್ಲ. ಮೂರನೆಯದು, ಯಾಕೆ ಹಾಗಾಗುತ್ತದೆ? ಇದಕ್ಕೆ ಕಾರಣ ಕಟ್ಟಲು ಹೋಗಬೇಡಿ. "ಯಾರೂ ಮೊದಲು ಏಳೋಕೆ ತಯಾರಿಲ್ಲ ಸರ್" ಎಂದು ಹೇಳಿ ಸುಮ್ಮನಾಗಿ. ನಿಜವಾದ ಉತ್ತರವೂ ಅದೇ.

ದುಡ್ಡು ಹಾಕುವವರು ಯಾರೂ ಸಿಗದಿದ್ದರೆ ಪ್ರೇಕ್ಷಕರನ್ನೇ ಕೇಳಬಹುದು. 2013ರಲ್ಲಿ ತೆರೆಕಂಡ 'ಲೂಸಿಯಾ' ಸಿನಿಮಾಗೆ ಪವನ್ ಕುಮಾರ್ ಹಾಗೇ ದುಡ್ಡು ಸೇರಿಸಿದ್ದರು. ಕಿರುಚಿತ್ರಕ್ಕೆ ಬೇಕಾಗುವುದು ಅದರ ಸಣ್ಣ ಪಾಲು. ಆದರೆ ಯಾರಿಂದ ಎಷ್ಟು ಬಂತು, ಯಾವುದಕ್ಕೆ ಹೋಯಿತು ಎಂಬುದನ್ನು ರೂಪಾಯಿ ರೂಪಾಯಿಗೆ ಬರೆದಿಡಿ, ಕೊಟ್ಟವರಿಗೆ ತೋರಿಸಿ.

ಹಂತ 8: ಶೂಟಿಂಗ್

ಛತ್ರ ಬೇಕಾದರೆ ಆಷಾಢದಲ್ಲಿ ಇಲ್ಲ ಧನುರ್ಮಾಸದಲ್ಲಿ ಕೇಳಿ. ಮದುವೆಗಳಿರುವುದಿಲ್ಲ, ಹಾಲ್ ಖಾಲಿ ಬಿದ್ದಿರುತ್ತದೆ, ಬಾಡಿಗೆಯಲ್ಲಿ ಚೌಕಾಸಿ ಮಾಡಬಹುದು. ಆಷಾಢವಾದರೆ ಶೀಟು ಹೊದಿಸಿದ ಛತ್ರ ಬೇಡ. ಮಳೆ ಬಂತೆಂದರೆ ಒಂದು ಮಾತೂ ರೆಕಾರ್ಡ್ ಆಗುವುದಿಲ್ಲ.

ಈ ಚಿತ್ರದಲ್ಲಿ ನಿಜವಾದ ಕಷ್ಟ ಎಲೆ. ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಎಷ್ಟೋ ಸ್ಕ್ರಿಪ್ಟ್‌ಗಳು ಸೋಲುವುದು ಇಂಥ ಕಡೆ. ಲೈಟಿನ ಶಾಖಕ್ಕೆ ಬಾಳೆ ಎಲೆ ಬೇಗ ಬಾಡುತ್ತದೆ. ಅನ್ನ ಒಣಗುತ್ತದೆ, ಸಾರಿನ ಮೇಲೆ ಕೆನೆ ಕಟ್ಟುತ್ತದೆ, ಹಪ್ಪಳ ಮೆತ್ತಗಾಗುತ್ತದೆ. ಒಂದು ಶಾಟಿನಲ್ಲಿ ಶಾಂತಮ್ಮನ ಎಲೆಯಲ್ಲಿದ್ದ ಕೋಸಂಬರಿ ಮುಂದಿನ ಶಾಟಿನಲ್ಲಿ ಇಲ್ಲದಿದ್ದರೆ ನೋಡುವವರ ಗಮನ ಅಲ್ಲಿಗೇ ಹೋಗುತ್ತದೆ. ಹಾಗಾಗಿ ಪ್ರತಿ ಟೇಕ್ ಮುಗಿದ ಕೂಡಲೇ ಒಬ್ಬರು ಪ್ರತಿ ಎಲೆಯ ಫೋಟೋ ತೆಗೆಯಬೇಕು. ಅವರಿಗೆ ಬೇರೆ ಯಾವ ಕೆಲಸವೂ ಬೇಡ. ಎಲೆಗಳನ್ನು ಒದ್ದೆ ಗೋಣಿಯಲ್ಲಿ ಸುತ್ತಿ ನೆರಳಲ್ಲಿಡಿ. ದೂರದ ಶಾಟುಗಳನ್ನು ಬೆಳಿಗ್ಗೆ ಮೊದಲು ಮುಗಿಸಿ. ಆಗ ಎಲ್ಲ ಎಲೆಯಲ್ಲೂ ಊಟ ಇರಲೇಬೇಕು. ಹತ್ತಿರದ ಶಾಟಿಗೆ ಮೂರ್ನಾಲ್ಕು ಎಲೆ ಹೊಸದಾಗಿ ಬಡಿಸಿದರೆ ಸಾಕು. ಮೂರು ದಿನದ ಕಥೆಯಾದ್ದರಿಂದ ಬಾಡಿದ ಎಲೆಯನ್ನು ಎಸೆಯಬೇಡಿ, ಮೂರನೇ ದಿನದ ಸೀನುಗಳನ್ನು ಸಂಜೆಗೆ ಇಟ್ಟುಕೊಳ್ಳಿ. ಛತ್ರದ ಅಡುಗೆಯವರನ್ನೇ ಹಿಡಿದರೆ ಯೂನಿಟ್ಟಿನ ಊಟವೂ ಶೂಟಿಂಗಿನ ಊಟವೂ ಒಂದೇ ಒಲೆಯಲ್ಲಿ ಆಗುತ್ತದೆ. ಪಾತ್ರೆ ಮಾತ್ರ ಬೇರೆ ಬೇರೆ ಇರಲಿ. ಗಂಟೆಗಟ್ಟಲೆ ಎಲೆಯ ಮೇಲಿದ್ದದ್ದನ್ನು ಯಾರಿಗೂ ತಿನ್ನಿಸಬೇಡಿ.

ನಟರಿಗೆ ನಿರ್ದೇಶಕರು ಹೇಳಬೇಕಾದ್ದು ಒಂದೇ: ಇದು ನಿಮಗೆ ನಿಜ. ಕಣ್ಣರಳಿಸುವುದು, ಕ್ಯಾಮೆರಾ ಕಡೆ ಓರೆನೋಟ, ಎರಡೆರಡು ಸಲ ತಿರುಗಿ ನೋಡುವುದು ಯಾವುದೂ ಬೇಡ. ಕ್ಯಾಮೆರಾ ಕೂಡ ಸುಮ್ನೆ ನಿಲ್ಲಲಿ. ಇಡೀ ಪಂಕ್ತಿ ಕಾಣುವ ಹಾಗೆ ಒಂದು ಕಡೆ ಇಟ್ಟು ಬಿಡಿ. ಜೂಮ್ ಹೊಡೆದು ತೋರಿಸಿದರೆ "ಇಲ್ಲಿ ನಗಿ" ಅಂತ ಬೋರ್ಡ್ ಹಾಕಿದ ಹಾಗಾಗುತ್ತದೆ. ಹಿನ್ನೆಲೆಯಲ್ಲಿ ತಮಾಷೆ ಸದ್ದುಗಳೂ ಬೇಡ. ಹಾಲಿನ ಫ್ಯಾನು, ಸ್ಟೀಲ್ ಬಕೆಟ್ಟು, ದೂರದ ನಾದಸ್ವರ, ಇಷ್ಟೇ ಸಾಕು. ಇವನ್ನು ಸ್ಥಳದಲ್ಲೇ ಪ್ರತ್ಯೇಕವಾಗಿ ರೆಕಾರ್ಡ್ ಮಾಡಿಕೊಳ್ಳಿ.

ಅನುಮತಿಗಳ ಬಗ್ಗೆ ಎರಡು ಮಾತು. ಮದುವೆ ಸೀನಿನಲ್ಲಿ ಮಕ್ಕಳು ಇದ್ದೇ ಇರುತ್ತಾರೆ. ಹದಿನಾಲ್ಕು ತುಂಬದ ಮಕ್ಕಳನ್ನು ನಟನೆಗೆ ಕರೆಸಲು ಜಿಲ್ಲಾ ಮ್ಯಾಜಿಸ್ಟ್ರೇಟರ ಅನುಮತಿ ಬೇಕು. ದಿನಕ್ಕೆ 5 ಗಂಟೆಗಿಂತ ಹೆಚ್ಚು, ವಿರಾಮವಿಲ್ಲದೆ 3 ಗಂಟೆಗಿಂತ ಹೆಚ್ಚು ಕೆಲಸ ಮಾಡಿಸುವಂತಿಲ್ಲ. ಹಿತ್ತಲಲ್ಲಿ ಎಂಜಲೆಲೆ ತಿನ್ನುವ ಹಸುವಿನ ಶಾಟ್ ಬೇಕೆಂದರೆ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಗೆ ಶೂಟಿಂಗ್ ಮೊದಲೇ ಅರ್ಜಿ ಹಾಕಬೇಕು. ಕರಡಿ, ಕೋತಿ, ಹುಲಿ, ಚಿರತೆ, ಸಿಂಹ, ಹೋರಿ ಇವನ್ನು ಪ್ರದರ್ಶನಕ್ಕೆ ಬಳಸುವುದೇ ನಿಷೇಧ. ಅಸಂಗತ ಹಾಸ್ಯ ಬರೆಯುವವರಿಗೆ ಪ್ರಾಣಿಗಳ ಮೇಲೆ ಪ್ರೀತಿ ಜಾಸ್ತಿ. ಬರೆಯುವ ಹಂತದಲ್ಲೇ ಈ ಪಟ್ಟಿ ನೆನಪಿರಲಿ. ಕೋತಿ ಇಲ್ಲದೆ ಕಥೆ ನಿಲ್ಲುವುದಿಲ್ಲ ಎಂದಾದರೆ ಕಥೆ ಇನ್ನೂ ಆಗಿಲ್ಲ.

ಹಂತ 9: ಶೂಟಿಂಗ್ ಮುಗಿದು ಕುಂಬಳಕಾಯಿ ಒಡೆದ ಮೇಲೆ

ಎಡಿಟಿಂಗಿನಲ್ಲಿ ಮೊದಲು ಕತ್ತರಿಸಬೇಕಾದದ್ದು ನಿಮಗೆ ಅತಿ ಹೆಚ್ಚು ನಗು ಬರಿಸುವ ಶಾಟ್ ಇರಬಹುದು. ನಿಯಮಕ್ಕೆ ಸಂಬಂಧವಿಲ್ಲದ ತಮಾಷೆ ಎಷ್ಟು ಚೆನ್ನಾಗಿದ್ದರೂ ಚಿತ್ರವನ್ನು ಸಡಿಲ ಮಾಡುತ್ತದೆ.

ಮೊದಲು ಚಿತ್ರೋತ್ಸವಗಳಿಗೆ ಕಳಿಸಿ, ಆಮೇಲೆ ಯೂಟ್ಯೂಬ್. ಈಗಾಗಲೇ ಎಲ್ಲರೂ ನೋಡಿದ ಚಿತ್ರವನ್ನು ಕೆಲವು ಉತ್ಸವಗಳು ತಗೊಳ್ಳುವುದಿಲ್ಲ. ಬೆಂಗಳೂರಿನಲ್ಲೇ ಅಂತರರಾಷ್ಟ್ರೀಯ ಕಿರುಚಿತ್ರೋತ್ಸವ ನಡೆಯುತ್ತದೆ. ತಿರುವನಂತಪುರದಲ್ಲಿ ಸಾಕ್ಷ್ಯಚಿತ್ರ ಮತ್ತು ಕಿರುಚಿತ್ರಗಳ ಉತ್ಸವ ಇದೆ. ಸಬ್‌ಟೈಟಲನ್ನು ಚಿತ್ರ ಮುಗಿದ ರಾತ್ರಿ ಗಡಿಬಿಡಿಯಲ್ಲಿ ಮಾಡಬೇಡಿ. "ನಮ್ದೇ ಕಣಪ್ಪಾ" ಎಂಬುದರ ಧಾಟಿ ಇಂಗ್ಲಿಷ್‌ನಲ್ಲಿ ಉಳಿಯಬೇಕಾದರೆ ಎರಡೂ ಭಾಷೆ ಆಡುವವರೊಬ್ಬರು ಕೂತು ಕೆಲಸ ಮಾಡಬೇಕು. ಥಿಯೇಟರಿಗೂ ಟಿವಿಗೂ ಸೆನ್ಸಾರ್ ಪ್ರಮಾಣಪತ್ರ ಬೇಕು. ಅರ್ಜಿ ಇ-ಸಿನೆಪ್ರಮಾಣ್ ಪೋರ್ಟಲಿನಲ್ಲಿ. 2023ರ ತಿದ್ದುಪಡಿಯ ನಂತರ ಯು/ಎ (ಹೆತ್ತವರ ಮಾರ್ಗದರ್ಶನದಲ್ಲಿ ಮಕ್ಕಳೂ ನೋಡಬಹುದಾದ ಚಿತ್ರ) ಪ್ರಮಾಣಪತ್ರ 7, 13, 16 ವಯಸ್ಸಿನ ಮೂರು ಬಗೆಯಾಗಿ ಒಡೆದಿದೆ. ಯೂಟ್ಯೂಬಿಗೆ ಇದರ ಅಗತ್ಯ ಇಲ್ಲ.

ಅದಕ್ಕೂ ಮೊದಲು, ಯಾವುದಾದರೂ ಛತ್ರದಲ್ಲೋ ಸಮುದಾಯ ಭವನದಲ್ಲೋ ಒಂದು ಪ್ರದರ್ಶನ ಇಟ್ಟುಕೊಳ್ಳಿ. ಅಡುಗೆಯವರು, ಬಡಿಸಿದವರು, ಪಂಕ್ತಿಯಲ್ಲಿ ಕೂತ ಊರವರು ಎಲ್ಲರನ್ನೂ ಕರೆಯಿರಿ. ಅವರು ಎಲ್ಲಿ ನಗುತ್ತಾರೆ, ಎಲ್ಲಿ "ಛೇ, ಪಾಪ" ಅನ್ನುತ್ತಾರೆ ಎಂದು ಕೇಳಿಸಿಕೊಳ್ಳಿ. ಎರಡೂ ಒಂದೇ ಜಾಗದಲ್ಲಿ ಬಂದರೆ ಆ ಸೀನನ್ನು ಮುಟ್ಟಬೇಡಿ.

ದೊಡ್ಡ ಸಿನಿಮಾ ಮಾಡುವ ಆಸೆ ಇದ್ದರೆ ಅದರ ಒನ್‌ಲೈನ್ ಆರ್ಡರ್, ಅಂದರೆ ಸೀನಿಗೊಂದು ಸಾಲಿನ ಪಟ್ಟಿ, ಈಗಲೇ ತಯಾರಿರಲಿ. ಕಿರುಚಿತ್ರವನ್ನೇ ಎಳೆದು ಎರಡು ಗಂಟೆ ಮಾಡಬೇಡಿ. ಇಪ್ಪತ್ತು ವರ್ಷ ಓಡಾಡಿದ ಡಬ್ಬಿಯ ಕಥೆಯಂಥ ಬೇರೆ ನಿಯಮ ತಗೊಳ್ಳಿ. ಅದರಲ್ಲಿ ಎರಡು ಮನೆ ಇವೆ, ಎರಡು ತಲೆಮಾರು ಇವೆ, ಎರಡು ಗಂಟೆಗೆ ಸಾಕಾಗುವಷ್ಟು ಹಬ್ಬಗಳಿವೆ. ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮ ಗೋವಾದಲ್ಲಿ ನವೆಂಬರ್ ಹೊತ್ತಿಗೆ ನಡೆಸುವ ಫಿಲ್ಮ್ ಬಜಾರ್ (2025ರಿಂದ ವೇವ್ಸ್ ಫಿಲ್ಮ್ ಬಜಾರ್) ಎಂಬ ಸಿನಿಮಾ ಮಾರುಕಟ್ಟೆಯಲ್ಲಿ ಸಹನಿರ್ಮಾಪಕರನ್ನು ಹುಡುಕಿಕೊಳ್ಳಬಹುದು. ನಿಗಮದ ಚಿತ್ರಕಥೆ ಲ್ಯಾಬ್ ಕೂಡ ಇದೆ. ಇಲ್ಲಿಗೆಲ್ಲ ಇಂಗ್ಲಿಷ್ ಪ್ರತಿ ಬೇಕಾಗುತ್ತದೆ. ರಾಜ್ಯ ಸರ್ಕಾರದ ಸಹಾಯಧನ ಸಿಗುವುದು ಸಿನಿಮಾ ಮುಗಿದು ಸಮಿತಿ ಆರಿಸಿದ ಮೇಲೆ. ಹಾಗಾಗಿ ಅದನ್ನು ನಂಬಿಕೊಂಡು ಮುಹೂರ್ತ ಇಟ್ಟುಕೊಳ್ಳಬೇಡಿ. ಮೊದಲು ಡಬ್ಬಿಯ ಕಥೆಯನ್ನು ಹತ್ತು ನಿಮಿಷದಲ್ಲಿ ಹೇಳಲು ಕಲಿಯಿರಿ. ಕಿರುಚಿತ್ರ ನೋಡಿ ಹೊರಬಂದವರು ಬಾಗಿಲಲ್ಲೇ ಕೇಳುವ ಮೊದಲ ಪ್ರಶ್ನೆ, ಮುಂದೇನು ಮಾಡ್ತಿದ್ದೀರಿ ಅಂತ.